ಸದರಿ ಮಹಿಳೆ ವಾಸವಿರುವುದಿಲ್ಲ

ಏಳು ತಿಂಗಳು ನಾನು ಮಲಗಿದ್ದು ಬಟ್ಟೆ ಒಗೆಯುವ ಮಷಿನ್ನಿನ ಪಕ್ಕ. ಆ ಕೋಣೆಗೆ ಕಿಟಕಿ ಇರಲಿಲ್ಲ. ಕಾಲು ಚಾಚಿದರೆ ಸೋಪಿನ ಪುಡಿಯ ಡಬ್ಬಕ್ಕೆ ತಾಗುತ್ತಿತ್ತು, ಮಡಚಿದರೆ ಮೊಣಕಾಲು ಮಷಿನ್ನಿಗೆ ಹೊಡೆಯುತ್ತಿತ್ತು. ಮೂರು ಅಂತಸ್ತಿನ ಮನೆ, ಹದಿನಾಲ್ಕು ಜನ. ಬೆಳಗ್ಗೆ ಐದಕ್ಕೆ ಎದ್ದರೆ ಅಡುಗೆ, ಪಾತ್ರೆ, ನೆಲ, ಬಟ್ಟೆ. ಮಧ್ಯಾಹ್ನ ಯಜಮಾನಿಯ ತಂಗಿಯ ಮನೆಗೆ ಕರೆದುಕೊಂಡು ಹೋಗುತ್ತಿದ್ದರು, ಅಲ್ಲೂ ಅಷ್ಟೇ. ಸಂಬಳ ಕೇಳಿದರೆ ಮುಂದಿನ ತಿಂಗಳು ಎನ್ನುತ್ತಿದ್ದರು. ಬ್ಲೀಚಿಂಗ್ ನೀರಿಗೆ ಅಂಗೈ ಚರ್ಮ ಸುಲಿದು ಹೋಗಿತ್ತು. ಹಿಟ್ಟಿಗೆ ಉಪ್ಪು ಬೆರೆಸುವಾಗ ಜೀವ ಹೋಗುವಷ್ಟು ಉರಿ.

ಊರಿಗೆ ಫೋನು ಮಾಡಿದಾಗ ಮಾತ್ರ ನನ್ನ ಮಾತೇ ಬೇರೆ.

"ನಂಗೇ ಅಂತ ಒಂದು ರೂಮ್ ಕೊಟ್ಟವ್ರೆ ಕಣ್ರೀ. ಬಟ್ಟೆ ಒಗೆಯೋ ಮಷಿನ್ನೂ ಐತೆ," ಎಂದು ಗಂಡನಿಗೆ ಹೇಳುತ್ತಿದ್ದೆ.

ನೋಡಿ, ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಭದ್ರಾವತಿಯ ನಮ್ಮ ಓಣಿಯಲ್ಲಿ ನನಗೊಂದು ಹೆಸರಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಯಲ್ಲಮ್ಮ. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡಿನ ತಿದ್ದುಪಡಿ, ಬ್ಯಾಂಕಿನ ಚಲನ್ ಎಲ್ಲವೂ ನನ್ನ ಕೈಯಲ್ಲೇ ಆಗಬೇಕು. ಯಾರಾದರೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿ ಬಂದರೆ ಬೈಯುತ್ತಿದ್ದೆ. "ಕಣ್ಣು ಮುಚ್ಕೊಂಡು ಒತ್ತುತೀರಲ್ಲ, ಬುದ್ಧಿ ಐತಾ ನಿಮಗೆ?" ಅಂಥ ನಾನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ, ಬಟ್ಟೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ, ಏಜೆಂಟ್ ಮಧುವಿನ ಟೇಬಲ್ಲಿನ ಮೇಲೆ ಅರಬ್ಬಿ ಅಕ್ಷರದ ಆರು ಹಾಳೆಗಳಿಗೆ ಸಹಿ ಹಾಕಿದ್ದೆ. ಅಕ್ಷರ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಂಡಿದ್ದೆ ಕೂಡ.

ಹೋಗಬೇಕಾದ್ದಕ್ಕೆ ಕಾರಣವಿತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿಮೂರು ವರ್ಷ ಅಡುಗೆ ಮಾಡಿದ್ದೆ. ಕಾರ್ಖಾನೆ ಒಂದೊಂದೇ ವಿಭಾಗ ಮುಚ್ಚುತ್ತಾ ಬಂತು. ಉಣ್ಣುವವರೇ ಇಲ್ಲದ ಮೇಲೆ ಬಡಿಸುವವಳು ಯಾಕೆ? ನನ್ನ ಗಂಡ ಹಾಲೇಶ್ ಓಡಿಸುವ ಆಟೋದಲ್ಲಿ ಮನೆ ನಡೆಯಬೇಕು. ಮಗಳು ಇಂಪನಾ ನರ್ಸಿಂಗ್ ಸೇರಬೇಕು ಎನ್ನುತ್ತಿದ್ದಳು. ಆಗ ಸಿಕ್ಕವನು ಮಧು. ತುಂಬ ಮರ್ಯಾದೆಯ ಹುಡುಗ, ಬಾಯಿ ತೆರೆದರೆ ಅಕ್ಕಾ.

"ಆಸ್ಪತ್ರೆ ಕ್ಯಾಂಟೀನು ಅಕ್ಕಾ. ಯೂನಿಫಾರಂ ಕೊಡ್ತಾರೆ, ತಲೆಗೆ ಟೋಪಿ ಕೊಡ್ತಾರೆ."

"ಟೂರಿಸ್ಟ್ ವೀಸಾ ಅಂತ ಬರ್ದೈತಲ್ಲಪ್ಪ?"

"ಅದು ಬೇಗ ಆಗುತ್ತೆ ಅಂತ ಅಷ್ಟೇ. ಅಲ್ಲಿಗೆ ಹೋದ್ಮೇಲೆ ಚೇಂಜ್ ಮಾಡಿಸ್ತೀವಿ. ಇನ್ನೊಂದು ಮಾತಕ್ಕಾ, ಪೊಲೀಸ್‌ನೋರು ಯಾರಾದ್ರೂ ಮನೆ ಹತ್ರ ಬಂದು ವಿಚಾರಿಸಿದ್ರೆ ಗೊತ್ತಿಲ್ಲ ಅಂದ್ಬಿಡೋಕೆ ಹೇಳಿ. ಸುಮ್ನೆ ಕಿರಿಕಿರಿ."

ಮನೆಗೆ ಬಂದು ಅದನ್ನು ಗಂಡನಿಗೆ ಇನ್ನಷ್ಟು ಬಿಗಿ ಮಾಡಿ ಹೇಳಿದೆ. "ಯಾರು ಕೇಳಿದ್ರೂ ಯಲ್ಲಮ್ಮ ಅನ್ನೋರು ಇಲ್ಲಿ ಇಲ್ಲ ಅನ್ಬೇಕು. ಎಲ್ಲಿ, ಹೇಳಿ ನೋಡಾಣ." ಹಾಲೇಶ್ ಪೊಲೀಸರೆಂದರೆ ಮೊದಲೇ ಬೆವರುವ ಮನುಷ್ಯ. ಮೂರು ಸಲ ಹೇಳಿಸಿದೆ. ಮೂರನೇ ಸಲಕ್ಕೆ ಸರಿಯಾಗಿ ಬಂತು.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಕೇಳಿದರು. "ಏನು ನೋಡೋಕೆ ಹೋಗ್ತಾ ಇದೀರಮ್ಮ?"

"ಎತ್ತರದ ಬಿಲ್ಡಿಂಗು ಸಾರ್," ಎಂದೆ.

ಅವರು ಹವಾಯಿ ಚಪ್ಪಲಿಯಲ್ಲಿದ್ದ ನನ್ನ ಒಡೆದ ಹಿಮ್ಮಡಿಯನ್ನು ಒಮ್ಮೆ ನೋಡಿದರು. ಪ್ರವಾಸಿಯ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು.

ಅರಬ್ಬರ ದೇಶದಲ್ಲಿ ಇಳಿದಾಗ ನನ್ನ ಹೆಸರಿನ ಬೋರ್ಡು ಹಿಡಿದು ಒಬ್ಬ ನಿಂತಿದ್ದ. ನನ್ನ ಹೆಸರಿನ ಬೋರ್ಡು! ಓಣಿಯವರು ನೋಡಬೇಕಿತ್ತು ಎಂದುಕೊಂಡೆ. ಅವನು ಮೊದಲು ಪಾಸ್‌ಪೋರ್ಟ್ ಇಸಿದುಕೊಂಡ, ಆಮೇಲೆ ಕಾರಿಗೆ ಹತ್ತಿಸಿದ. ಕಾರು ನಿಂತದ್ದು ಆಸ್ಪತ್ರೆಯ ಮುಂದಲ್ಲ, ಆ ಮೂರು ಅಂತಸ್ತಿನ ಮನೆಯ ಮುಂದೆ. ಯೂನಿಫಾರಂ ಎಲ್ಲಿ ಎಂದು ಕೇಳಿದೆ. ಯಜಮಾನಿ ಒಂದು ನೆಲ ಒರೆಸುವ ಕೋಲು ಕೊಟ್ಟಳು.

ಏಳನೇ ತಿಂಗಳಲ್ಲಿ ಅವಳು ಹೇಳಿದಳು: ಮುಂದಿನ ವಾರ ನಿನ್ನನ್ನು ನನ್ನ ಅಣ್ಣನ ಮನೆಗೆ ಕಳಿಸುತ್ತೇವೆ, ಎಂಟು ಗಂಟೆಯ ದಾರಿ, ಮರಳುಗಾಡಿನ ಊರು. ಹಬ್ಬ ಮುಗಿದ ಮೇಲೆ ಪಕ್ಕದ ಮನೆಯ ಪಾತ್ರೆ ವಾಪಸ್ಸು ಕಳಿಸುವಾಗ ಮಾತನಾಡುತ್ತೇವಲ್ಲ, ಹಾಗಿತ್ತು ಅವಳ ದನಿ. ಅವತ್ತು ನನ್ನ ಫೋನನ್ನೂ ತೆಗೆದು ಬೀರುವಿನಲ್ಲಿಟ್ಟಳು.

ಮರುದಿನ ಬೆಳಗ್ಗೆ ಕಸದ ಚೀಲ ಹಿಡಿದು ಬೀದಿ ತುದಿಯ ತೊಟ್ಟಿಗೆ ಹೋದವಳು ಹಿಂದೆ ತಿರುಗಲಿಲ್ಲ. ಹಾಗೇ ನಡೆದೆ. ದೊಡ್ಡ ರಸ್ತೆಗೆ ಬಂದು ಒಂದು ಟ್ಯಾಕ್ಸಿಗೆ ಕೈ ಮಾಡಿದೆ. ಡ್ರೈವರ್ ಪೇಶಾವರದ ಮುದುಕ. ಇಂಡಿಯಾದ ಎಂಬೆಸಿ ಎಂದೆ. ನನ್ನ ಅಂಗೈ ನೋಡಿದ, ಇನ್ನೇನೂ ಕೇಳಲಿಲ್ಲ. ಗೇಟಿನ ಮುಂದೆ ಇಳಿಸಿ ಕೈ ಮುಗಿದು ಹೋದ. ಆಮೇಲೆ ನೋಡಿಕೊಂಡರೆ ಕಸದ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ತಪ್ಪಿಸಿಕೊಂಡು ಓಡಿದ ಎಷ್ಟೋ ಜನರನ್ನು ಆಮೇಲೆ ಕಂಡೆ. ಕಸ ಹೊತ್ತುಕೊಂಡು ಓಡಿದವಳು ನಾನೊಬ್ಬಳೇ.

ಒಳಗೆ ನಮ್ಮ ಬಾವುಟ ಹಾರುತ್ತಿತ್ತು. ಕಣ್ಣು ತುಂಬಿ ಬಂತು. ತವರಿನ ಬಾಗಿಲಿಗೆ ಬಂದೆ ಎಂದುಕೊಂಡೆ. "ಬಾ ತಾಯಿ, ಕೈಗೇನಾಯ್ತು?" ಎಂದು ಯಾರಾದರೂ ಕೇಳುತ್ತಾರೆ ಎಂದು ಕಾದೆ.

"ಚೀಲದಲ್ಲಿ ಏನಿದೆ?" ಎಂದು ಕೇಳಿದ ಕಾವಲುಗಾರ.

"ಕಸ."

ಅವನು ನಂಬಲಿಲ್ಲ. ಮೀನಿನ ಮುಳ್ಳು, ಮೊಟ್ಟೆ ಸಿಪ್ಪೆ ಎಲ್ಲ ಹರಡಿ ನೋಡಿದ ಮೇಲೆಯೇ ನಂಬಿದ್ದು. ಆಮೇಲೆ ಅಪಾಯಿಂಟ್‌ಮೆಂಟ್ ಎಲ್ಲಿ ಎಂದ. ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕಂತೆ. ಫೋನಿಲ್ಲ ಎಂದೆ. ಬಿಸಿಲಲ್ಲಿ ಒಂದು ತಾಸು ನಿಲ್ಲಿಸಿ, ಕೊನೆಗೆ ಒಂದು ಟೋಕನ್ ಕೊಟ್ಟ.

ಕೌಂಟರಿನ ಗಾಜಿನ ಹಿಂದೆ ಒಬ್ಬಳು ಹುಡುಗಿ ಕೂತಿದ್ದಳು. ನನ್ನ ಹಿಂದಿ ಭದ್ರಾವತಿಯ ಸಂತೆಯಲ್ಲಿ ಕಲಿತದ್ದು. ಅವಳ ಹಿಂದಿ ಟಿ.ವಿ.ಯದು. ಹೇಗೋ ಮಾತು ನಡೆಯಿತು.

"ಪಾಸ್‌ಪೋರ್ಟ್ ನಂಬರ್ ಹೇಳಿ."

"ಪಾಸ್‌ಪೋರ್ಟ್ ಕೆಲಸದ ಮನೆಯವರು ಕಿತ್ತುಕೊಂಡಿದ್ದಾರೆ. ನಂಬರ್ ನೆನಪಿಲ್ಲ."

"ನಂಬರ್ ಹಾಕದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

"ಪಾಸ್‌ಪೋರ್ಟ್ ಇಲ್ಲ ಅನ್ನೋದೇ ನನ್ನ ದೂರು."

"ಆ ದೂರಿಗೂ ನಂಬರ್ ಬೇಕು."

ಓಣಿಯ ಅರ್ಜಿಗಳನ್ನೆಲ್ಲ ತುಂಬಿದವಳು ನಾನು. ಇಂಥ ಅರ್ಜಿ ಕಂಡಿರಲಿಲ್ಲ. ಪಕ್ಕದ ಕೌಂಟರಿನಲ್ಲಿ ಸೂಟು ಹಾಕಿಕೊಂಡ ಒಬ್ಬರು ಪಾಸ್‌ಪೋರ್ಟ್ ಹೊಸದು ಮಾಡಿಸಲು ಬಂದಿದ್ದರು. ಅವರಿಗೆ ಕುರ್ಚಿ, ನೀರು, ನಗು ಎಲ್ಲ ಸಿಕ್ಕಿ ಕೆಲಸವೂ ಮುಗಿಯಿತು. ನಾನು ಗೋಡೆಯ ಬದಿಗೆ ನೆಲದ ಮೇಲೆ ಕೂತೆ. ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ಇದೇನು ಧರಣಿಯಲ್ಲ, ಹೋಗಲು ಜಾಗ ಇರಲಿಲ್ಲ ಅಷ್ಟೇ. ಕೊನೆಗೆ ಕ್ಷೇಮಾಭಿವೃದ್ಧಿ ನೋಡಿಕೊಳ್ಳುವ ಸಾಹೇಬರೊಬ್ಬರು ಬಂದು, ಹೆಸರು, ಊರು ಬರೆದುಕೊಂಡು, ಹಿಂದಿನ ಕಟ್ಟಡದ ಹಾಲಿಗೆ ಕಳಿಸಿದರು.

ಹಾಲಿನಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಎಲ್ಲರೂ ನನ್ನ ಹಾಗೇ ಓಡಿ ಬಂದವರು. ಕೆಲವರು ಆರು ತಿಂಗಳಿಂದ ಅಲ್ಲೇ ಇದ್ದರು. ಮೊದಲನೇ ದಿನ ಸಾರು ತಿಂದು, ಇದಕ್ಕೆ ಹುಳಿ ಸಾಲದು ಎಂದೆ. ಮರುದಿನದಿಂದ ಇಪ್ಪತ್ತಮೂರು ಜನರ ಅಡುಗೆ ನನ್ನ ಪಾಲಿಗೆ ಬಂತು. ಬಾಯಿ ನನ್ನದೇ, ಯಾರನ್ನು ದೂರಲಿ?

ಅಲ್ಲಿ ಕಡಪಾದ ಓಬುಳಮ್ಮ ಇದ್ದಳು, ವಿಲ್ಲುಪುರಂನ ಸೆಲ್ವಿ ಇದ್ದಳು. ಕಾರ್ಖಾನೆಯ ಊರಿನಲ್ಲಿ ಬೆಳೆದವಳಿಗೆ ತಮಿಳು, ತೆಲುಗು ಯಾರೂ ಕಲಿಸಬೇಕಾಗಿಲ್ಲ. ಬೀದಿ ನಲ್ಲಿಯ ಜಗಳದಲ್ಲೇ ಬಂದಿರುತ್ತದೆ. ಹಾಗಾಗಿ ಸಾಹೇಬರು ಹಿಂದಿಯಲ್ಲಿ ಹೇಳಿದ್ದನ್ನು ಎಲ್ಲರಿಗೂ ತಿಳಿಸುವ ಕೆಲಸವೂ ನನ್ನದಾಯಿತು.

ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಹೋಗಲು ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ನಾನು ಇಂಡಿಯಾದವಳು ಎಂದು ನಮ್ಮೂರ ಪೊಲೀಸರು ಬರೆದು ಕಳಿಸಬೇಕು. ಒಂದು ತಿಂಗಳು ಕಾದೆ. ಸಾಹೇಬರು ಕರೆಸಿದರು. ಅವರ ಮುಂದೆ ಒಂದು ಹಾಳೆ ಇತ್ತು.

"ನಿನ್ನ ವಿಳಾಸ ಸುಳ್ಳು," ಎಂದರು.

ಹಾಳೆ ತಿರುಗಿಸಿ ನನ್ನ ಕಡೆ ತಳ್ಳಿದರು. ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು, ಕೆಳಗಿನದೆಲ್ಲ ಕನ್ನಡದಲ್ಲಿ ಬರೆದದ್ದು. ಏಳೆಂಟು ತಿಂಗಳ ಮೇಲೆ ಕನ್ನಡ ಅಕ್ಷರ ಕಂಡು ಮೊದಲು ಖುಷಿಯೇ ಆಯಿತು. ಓದಿದೆ. "ಸದರಿ ಮಹಿಳೆಯು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ ಎಂದು ಸ್ಥಳೀಯರು ತಿಳಿಸಿರುತ್ತಾರೆ."

ಸ್ಥಳೀಯರು ಯಾರೆಂದು ತಕ್ಷಣ ಗೊತ್ತಾಯಿತು. ಸಾಹೇಬರ ಕಾಲು ಹಿಡಿದು ಒಂದು ಫೋನು ಮಾಡಿಸಿಕೊಂಡೆ.

"ರೀ, ಮನೆ ಹತ್ರ ಪೊಲೀಸ್‌ನೋರು ಬಂದಿದ್ರಾ?"

"ಬಂದಿದ್ರು ಕಣೆ! ಮಲ್ಲಿಕ್ ಅಂತ ಕಾನ್‌ಸ್ಟೇಬಲ್ಲು. ನೀನು ಹೇಳ್ಕೊಟ್ಟಂಗೇ ಹೇಳ್ದೆ. ಒಂಚೂರೂ ತೊದಲಲಿಲ್ಲ." ಹಾಲೇಶರ ದನಿಯಲ್ಲಿ ಹೆಮ್ಮೆ ಇತ್ತು. "ಗೋಡೆ ಮೇಲೆ ನಮ್ಮ ಮದುವೆ ಫೋಟೋ ಐತಲ್ಲ ಮಾರಾಯ್ತಿ, ಅದು ಕಾಣ್ದಂಗೆ ಅಡ್ಡ ನಿಂತ್ಕೊಂಡಿದ್ದೆ."

ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಆಸ್ಪತ್ರೆ ಇಲ್ಲ, ಟೋಪಿ ಇಲ್ಲ, ರೂಮು ಎಂದರೆ ಇಂಥದ್ದು ಎಂದು ಅವತ್ತು ಮೊದಲ ಸಲ ಎಲ್ಲ ಹೇಳಿದೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಓಣಿಲಿ ನಗ್ತಾರೆ ಅಂತ."

"ನಗ್ಲಿ ಬಿಡೆ. ನಗೋರಿಗೆ ನಾನು ಹೇಳ್ಕಂತೀನಿ," ಎಂದರು.

ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ, ಕೇಳಿದ್ದು. ಹಾಲೇಶ್ ಸೀದಾ ಪರಮೇಶ್ವರಪ್ಪನವರ ಮನೆಗೆ ಹೋದರಂತೆ. ಅವರು ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿ ನಿವೃತ್ತರಾದವರು. ಮರುದಿನ ಬೆಳಗ್ಗೆ ಓಣಿಯ ನಲವತ್ತು ಜನ ಆಧಾರ್ ಕಾರ್ಡು ಹಿಡಿದುಕೊಂಡು ಸ್ಟೇಷನ್ನಿನ ಮುಂದೆ ನಿಂತಿದ್ದರು.

"ಏನ್ರೀ ಇದು, ಮೆರವಣಿಗೆನಾ?" ಎಂದರಂತೆ ಮಲ್ಲಿಕ್.

"ಸಾಕ್ಷಿ ಹೇಳೋಕೆ ಬಂದಿದೀವಿ. ಯಲ್ಲಮ್ಮ ಇದ್ದಾಳೆ."

"ಎರಡು ಜನದ ಸಹಿ ಸಾಕ್ರೀ."

"ಒಬ್ಬ ಇಲ್ಲ ಅಂದಿದ್ದಕ್ಕೆ ನೀವು ನಂಬಿದ್ರಿ," ಎಂದರಂತೆ ಪರಮೇಶ್ವರಪ್ಪ. "ಇದ್ದಾಳೆ ಅನ್ನೋಕೆ ನಲವತ್ತು ಜನ ಬಂದಿದೀವಿ. ಎಲ್ಲರ ಹೆಸರೂ ಬರ್ಕಳಿ."

ಹಿಂದಿನ ಮನೆಯ ಪದ್ಮಮ್ಮಜ್ಜಿಗೆ ಎಂಬತ್ತಾಗಿದೆ. ಹೆಬ್ಬೆಟ್ಟು ಒತ್ತುವ ಮೊದಲು ಇದನ್ನು ಓದಿ ಹೇಳು ಎಂದು ಮಲ್ಲಿಕ್‌ಗೆ ಗಂಟು ಬಿದ್ದಳಂತೆ. "ಓದಿಸ್ದೆ ಒತ್ತಿದ್ರೆ ಅವ್ಳು ಬಂದು ಬೈತಾಳಪ್ಪ." ಹಾಗೆ ಬೈಯುವವಳ ಸಹಿ ಅರಬ್ಬಿ ಹಾಳೆಯ ಮೇಲಿದೆ ಎಂಬುದನ್ನು ಹಾಲೇಶ್ ಅಲ್ಲಿ ಹೇಳಲಿಲ್ಲವಂತೆ. ಆ ಉಪಕಾರ ಮರೆಯುವುದಿಲ್ಲ.

ಎರಡನೇ ವರದಿ ಬಂತು. ಸದರಿ ಮಹಿಳೆ ಇದ್ದಾಳೆ ಎಂದಾಯಿತು. ಸಾಹೇಬರು ಮತ್ತೆ ಕರೆಸಿದರು. ಪಕ್ಕದಲ್ಲಿ ಆ ಮನೆಯವರ ಕಡೆಯ ವಕೀಲ ಕೂತಿದ್ದ. ಮೇಜಿನ ಮೇಲೆ ನನ್ನ ಫೋಟೋ ಅಂಟಿಸಿದ ಪ್ರಮಾಣಪತ್ರ. ಅದರ ಜೊತೆಗೆ ಇಂಗ್ಲಿಷಿನ ಒಂದು ಹಾಳೆ.

"ಇದಕ್ಕೆ ಸಹಿ ಹಾಕು. ಈ ವಾರವೇ ವಿಮಾನ ಹತ್ತಬಹುದು."

"ಓದಬಹುದಾ ಸಾರ್?"

"ಇಂಗ್ಲಿಷ್ ಬರುತ್ತಾ?"

"ಸ್ವಲ್ಪ ನಿಧಾನ."

ಬೆರಳಿಟ್ಟುಕೊಂಡು ಓದಿದೆ. ವಕೀಲ ಎರಡು ಸಲ ಗಡಿಯಾರ ನೋಡಿದ. ನಾನು ಪ್ರವಾಸಿಯಾಗಿ ಬಂದವಳಂತೆ. ಆ ಮನೆಯಲ್ಲಿ ಅತಿಥಿಯಾಗಿ ಇದ್ದೆನಂತೆ. ಅವರು ನನ್ನನ್ನು ಚೆನ್ನಾಗಿ ನೋಡಿಕೊಂಡರಂತೆ. ಆ ಕುಟುಂಬದ ಮೇಲಾಗಲಿ, ನನ್ನನ್ನು ಕಳಿಸಿದವರ ಮೇಲಾಗಲಿ ಇಂದಿಗೂ ಮುಂದೆಂದಿಗೂ ನನ್ನ ದೂರಿಲ್ಲವಂತೆ.

"ನಾಳೆ ಹಾಕ್ತೀನಿ ಸಾರ್," ಎಂದು ಹಾಳೆ ಹಿಡಿದು ಹಾಲಿಗೆ ಬಂದೆ. ಧೈರ್ಯದಿಂದಲ್ಲ. ಅವತ್ತೇ ಸಹಿ ಹಾಕಿಬಿಡಬೇಕು ಎಂದು ಕೈ ಒದ್ದಾಡುತ್ತಿತ್ತು. ಆದರೆ ಆ ಅತಿಥಿ ಎನ್ನುವ ಮಾತು ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಹಾಲಿನಲ್ಲಿ ಗಟ್ಟಿಯಾಗಿ ಓದಿದೆ. ಒಂದು ಸಾಲಿಗೆ ತೆಲುಗಿನಲ್ಲಿ ಅರ್ಥ, ಮತ್ತೆ ತಮಿಳಿನಲ್ಲಿ, ಮತ್ತೆ ಹಿಂದಿಯಲ್ಲಿ. ಓಬುಳಮ್ಮ ತನ್ನ ಚೀಲದಿಂದ ಒಂದು ಹಾಳೆ ತೆಗೆದಳು. ಸೆಲ್ವಿಯ ಹತ್ತಿರವೂ ಒಂದಿತ್ತು. ಎಲ್ಲವೂ ಅಚ್ಚು ಅದೇ, ಹೆಸರು ಮಾತ್ರ ಬೇರೆ. ಸೆಲ್ವಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತಿತ್ತು. ಅವಳೂ ಅತಿಥಿಯೇ.

"ಅಕ್ಕಾ, ನಾನು ಸಹಿ ಹಾಕ್ತೀನಿ," ಎಂದಳು ಸೆಲ್ವಿ ತಮಿಳಿನಲ್ಲಿ. "ನನ್ನ ಮಗು ನನ್ನ ಮುಖ ಮರೀತಾ ಇದೆ."

ಯಾರೂ ಅವಳನ್ನು ಬೇಡ ಎನ್ನಲಿಲ್ಲ. ಹೇಗೆ ಅನ್ನುವುದು? ಹಾಕದಿದ್ದರೆ ಇನ್ನೆಷ್ಟು ತಿಂಗಳೋ. ಹಾಕಿದರೆ ಊರಿಗೆ ಹೋಗಿ ಯಾರನ್ನೂ ಏನೂ ಕೇಳುವಂತಿಲ್ಲ. ಓಬುಳಮ್ಮ ತನ್ನ ಹಾಳೆಯ ಕೊನೆಯ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಸಹಿ ತೆಲುಗಿನಲ್ಲಿ ಮಾಡಬಹುದಾ?"

"ಯಾವ ಭಾಷೇಲಾದ್ರೂ ಮಾಡಬಹುದು," ಎಂದೆ.

"ಎಷ್ಟು ಉದ್ದ ಮಾಡಬಹುದು?"

ಅವಳು ಮೂರನೇ ಕ್ಲಾಸು ಓದಿದವಳು. ಎಸ್ಸೆಸ್ಸೆಲ್ಸಿಯವಳಿಗೆ ಆ ಬುದ್ಧಿ ಹೊಳೆದಿರಲಿಲ್ಲ.

ಮರುದಿನ ಅಂಥ ಹಾಳೆ ಸಿಕ್ಕಿದ್ದ ಒಂಬತ್ತು ಜನ ಸಾಲಾಗಿ ಸಾಹೇಬರ ಮುಂದೆ ನಿಂತೆವು. ಮೊದಲು ನಾನು. ಸಹಿ ಮಾಡುವ ಜಾಗದಲ್ಲಿ ಒತ್ತೊತ್ತಾಗಿ ಬರೆದೆ. "ಮೇಲಿನದು ಸುಳ್ಳು. ನಾನು ಅತಿಥಿಯಲ್ಲ. ಏಳು ತಿಂಗಳು ಸಂಬಳವಿಲ್ಲದೆ ದುಡಿದೆ. ನನ್ನನ್ನು ಕಳಿಸಿದವನು ಶಿವಮೊಗ್ಗ ಗಾಂಧಿ ಬಜಾರಿನ ಮಧು. ಊರಿಗೆ ಹೋಗಿ ದೂರು ಕೊಡುತ್ತೇನೆ. ಯಲ್ಲಮ್ಮ, ಭದ್ರಾವತಿ."

ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು. "ಇದೇನು, ಐದು ಸಾಲು?"

"ಸಹಿ ಸಾರ್."

"ಇಷ್ಟುದ್ದ?"

"ನಮ್ಮ ಕಡೆ ಊರು, ಓಣಿ, ಅಪ್ಪನ ಹೆಸರು, ಮನೆದೇವರು ಎಲ್ಲ ಸೇರಿಸಿ ಬರೀತೀವಿ ಸಾರ್."

ವಕೀಲ ಆ ಹಾಳೆಯನ್ನು ನೋಡಿದ, ಅವನಿಗೆ ಎಲ್ಲ ಅಕ್ಷರವೂ ಒಂದೇ. ಸಾಹೇಬರು ಮಾತ್ರ ನನ್ನ ಮುಖವನ್ನೇ ನೋಡಿದರು. ಹಿಂದೆ ನಿಂತ ಓಬುಳಮ್ಮನನ್ನು ನೋಡಿದರು, ಅವಳ ಹಿಂದಿನ ಸೆಲ್ವಿಯನ್ನು ನೋಡಿದರು. ಆಮೇಲೆ ಸೀಲು ತೆಗೆದು, ನನ್ನ ಐದು ಸಾಲಿನ ಮೇಲೇ ಒತ್ತಿ, ಒಂದು ಪ್ರತಿ ನನ್ನ ಕೈಗೆ ಕೊಟ್ಟರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಓಬುಳಮ್ಮನ ಸಹಿ ಏಳು ಸಾಲಿತ್ತು. ಸೆಲ್ವಿಯದು ಹಾಳೆಯ ಹಿಂದಕ್ಕೂ ಹೋಗಿತ್ತು.

ಊರಿಗೆ ಬಂದೆ. ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದಾಗ ಇಂಪನಾ ನನ್ನ ಅಂಗೈ ತೆಗೆದುಕೊಂಡು ನೋಡಿದಳು. ನರ್ಸ್ ಆಗುವವಳು, ಬೆರಳು ಒಂದೊಂದಾಗಿ ಬಿಡಿಸಿ ಮಡಚಿ ಪರೀಕ್ಷಿಸಿದಳು.

ನಾಲ್ಕನೇ ದಿನ ಶಿವಮೊಗ್ಗದ ಪೊಲೀಸ್ ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರ್ ಇಂಗ್ಲಿಷಿನ ಭಾಗ ಓದಿ ಹಾಳೆ ವಾಪಸ್ಸು ಕೊಟ್ಟರು.

"ನೀನೇ ಒಪ್ಪಿ ಸಹಿ ಹಾಕಿದೀಯಲ್ಲಮ್ಮ. ಬದುಕಿ ಬಂದಿದೀಯ, ಅಷ್ಟು ಸಾಕು ಅಂದ್ಕೋ."

"ಸಹೀನೂ ಓದಿ ಸಾರ್."

ಓದಿದರು. ಮೀಸೆಯ ಕೆಳಗೆ ಏನೋ ಅಲುಗಿತು. ಆದರೂ ನಾಳೆ ಬಾ ಎಂದರು. ಆ ನಾಳೆ ಹನ್ನೊಂದು ಸಲ ಬಂತು. ಅಷ್ಟರಲ್ಲಿ ಹಾಲೇಶ್ ತಮ್ಮ ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ಮಲವಗೊಪ್ಪ, ಆಯನೂರು ಎಲ್ಲ ಸುತ್ತಿದರು. ಮಧು ಕಳಿಸಿದ ಇನ್ನೂ ಆರು ಜನ ಸಿಕ್ಕರು. ಎಲ್ಲರೂ ಓಣಿಯಲ್ಲಿ ನಗುತ್ತಾರೆಂದು ಬಾಯಿ ಮುಚ್ಚಿಕೊಂಡವರೇ. ಏಳನೆಯವರಾಗಿ ಆಯನೂರಿನ ಜಗದಾಂಬಮ್ಮ ಸೇರಿದರು, ತಮಗಾಗಿ ಅಲ್ಲ. ಮಧು ಕಳಿಸಿದ ಅವರ ಮಗಳು ಸಮತಾ ಇನ್ನೂ ಆ ದೇಶದಲ್ಲೇ ಇದ್ದಾಳೆ. ಆರು ತಿಂಗಳಿಂದ ಫೋನಿಲ್ಲ.

ಹನ್ನೆರಡನೇ ಸಲ ಎಂಟು ಜನ ಹೋಗಿ ಸ್ಟೇಷನ್ನಿನ ನೆಲದ ಮೇಲೆ ಕೂತೆವು.

"ಎಲ್ಲರೂ ಯಾಕೆ? ಒಬ್ಬರು ಬನ್ನಿ ಸಾಕು," ಎಂದರು ಇನ್ಸ್‌ಪೆಕ್ಟರ್.

"ಒಬ್ಬಳೇ ಹನ್ನೊಂದು ಸಲ ಬಂದಿದೀನಿ ಸಾರ್. ಸಾಕಾಗಲಿಲ್ಲ," ಎಂದೆ.

ಅವತ್ತು ಎಫ್‌ಐಆರ್ ಆಯಿತು. ಮಧುವನ್ನು ಹಿಡಿದರು. ಐದನೇ ದಿನ ಜಾಮೀನಿನ ಮೇಲೆ ಹೊರಗೆ ಬಂದ. ಹದಿನೈದು ದಿನಕ್ಕೆ ಅದೇ ಮೆಟ್ಟಿಲಿನ ಮೇಲೆ ಬೇರೆ ಹೆಸರಿನ ಬೋರ್ಡು ಬಿತ್ತು. ಸಮತಾಳ ವಿಚಾರಕ್ಕೆ ಬರೆದ ಮೂರು ಕಾಗದಕ್ಕೆ ರಾಯಭಾರ ಕಚೇರಿಯಿಂದ ಬಂದದ್ದು ಒಂದೇ ಉತ್ತರ, ಪಾಸ್‌ಪೋರ್ಟ್ ನಂಬರ್ ತಿಳಿಸಿ ಎಂದು.

ಮಧು ಹೊಸಬರನ್ನು ನೋಡುವುದು ಸೋಮವಾರ ಮತ್ತು ಗುರುವಾರ. ಆ ಎರಡು ದಿನ ನಾವು ಎಂಟು ಜನ ಗಾಂಧಿ ಬಜಾರಿಗೆ ಹೋಗಿ ಮೆಟ್ಟಿಲಿನ ಬುಡದಲ್ಲಿ ಕೂರುತ್ತೇವೆ. ನನ್ನನ್ನು ದೊಡ್ಡ ಧೀರೆ ಎಂದು ತಿಳಿಯಬೇಡಿ. ಮೊದಲ ದಿನ ಮಧು ನಮ್ಮನ್ನು ದಾಟಿ ಹತ್ತುವಾಗ "ಚೆನ್ನಾಗಿದೀರಾ ಅಕ್ಕಾ?" ಎಂದ. ನಾನು ಅಭ್ಯಾಸಬಲದಿಂದ "ಚೆನ್ನಾಗಿದೀನಿ ಕಣಪ್ಪ" ಎಂದುಬಿಟ್ಟೆ. ಜಗದಾಂಬಮ್ಮ ನನ್ನ ತೊಡೆ ಚಿವುಟಿದರು.

ಹೆಂಗಸರು ಬರುತ್ತಾರೆ. ಕೈಯಲ್ಲಿ ಫೋಟೋ, ಆಧಾರ್ ಕಾರ್ಡು. "ಫಾರಿನ್ ಕೆಲಸ ಕೊಡೋದು ಇಲ್ಲೇನಾ?" ಎಂದು ನಮ್ಮನ್ನೇ ಕೇಳುತ್ತಾರೆ.

"ಇಲ್ಲೇ ಕಣಮ್ಮ. ಎರಡು ನಿಮಿಷ ಕೂತು ಹೋಗು," ಎನ್ನುತ್ತೇನೆ. ಅಂಗೈ ತೋರಿಸುತ್ತೇನೆ. ಜಗದಾಂಬಮ್ಮ ಮಗಳ ಫೋಟೋ ತೋರಿಸುತ್ತಾರೆ.

ಕೆಲವರು ಕೂತು ಕೇಳುತ್ತಾರೆ. ಕೆಲವರು ನಮ್ಮನ್ನು ಹುಚ್ಚರೆಂಬಂತೆ ನೋಡಿ ಹತ್ತುತ್ತಾರೆ. ತಪ್ಪು ಅವರದಲ್ಲ, ಮನೆಯಲ್ಲಿ ಒಲೆ ಉರಿಯಬೇಕಲ್ಲ. ಕಳೆದ ಗುರುವಾರ ನಾಲ್ಕು ಜನ ಹತ್ತಿದರು. ಅರ್ಧ ಮೆಟ್ಟಿಲಿನಲ್ಲಿ ಒಬ್ಬಳು ನಿಂತಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಆಮೇಲೆ ಇಳಿದು ಬಂದು, ಚಪ್ಪಲಿ ಪಕ್ಕಕ್ಕೆ ಸರಿಸಿ, ನಮ್ಮ ಸಾಲಿನ ತುದಿಯಲ್ಲಿ ಕೂತಳು.